ಮಕ್ಕಳು ಮೈ ತುಂಬಿಕೊಂಡು ಬಂದ ವರ್ಷ

ಹೋದ ತಿಂಗಳು ಕ್ರೀಡಾಕೂಟವೊಂದಕ್ಕೆ ತೀರ್ಪುಗಾರಳಾಗಿ ಶಹಾಪುರಕ್ಕೆ ಹೋಗಿದ್ದೆ. ಯಾದಗಿರಿಗೆ ವರ್ಗವಾಗಿ ಬಂದ ಮೇಲೆ ಆ ಊರಿಗೆ ಹೋದದ್ದು ಅದೇ ಮೊದಲು. ಸಂಜೆ ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ಬರುವಾಗ ಕಾದ ಎಣ್ಣೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಸಾಲಾಗಿ ನಿಂತ ಗೋಬಿ ಗಾಡಿಗಳು, ಬಾಣಲೆಯಿಂದ ಏಳುವ ಹೊಗೆ, ಬೆನ್ನಿನ ಚೀಲವನ್ನೂ ಇಳಿಸದೆ ಕಾಗದದ ತಟ್ಟೆ ಹಿಡಿದು ನಿಂತ ಸಾಲಿ ಮಕ್ಕಳು. ಆ ವಾಸನೆಗೆ ನನ್ನ ಕಾಲು ತಾನಾಗಿಯೇ ನಿಂತಿತು. ಬಹಳ ದಿನ ಬಾಗಿಲು ಹಾಕಿದ್ದ ಶಾಲೆಗಳು ಮತ್ತೆ ತೆರೆದ ಆ ವರ್ಷ ಕಣ್ಣ ಮುಂದೆ ಬಂದು ನಿಂತಿತು.

ನಾನು ದೈಹಿಕ ಶಿಕ್ಷಕಿ. ನೌಕರಿ ಶುರು ಮಾಡಿದ್ದು ಕೊಂಕಲ್‌ನಲ್ಲಿ. ಆಗಿನ ಮಕ್ಕಳು ಬೇರೆ. ಹತ್ತಿ ಬಿಡಿಸುವ ದಿನಗಳಲ್ಲಿ ಅರ್ಧ ತರಗತಿ ಹೊಲದಲ್ಲಿರುತ್ತಿತ್ತು; ಬಂದವರ ತಲೆಯಲ್ಲೂ ಹತ್ತಿಯ ಎಳೆ ಅಂಟಿರುತ್ತಿತ್ತು. ಅಂಗಿಯೊಳಗೆ ಎಲುಬು ಎಣಿಸಬಹುದಾದ ಮೈಗಳು. ಆರೋಗ್ಯ ತಪಾಸಣೆಯವರು ತೂಕದ ಯಂತ್ರ ತಂದರೆ ಹುಡುಗರು ಚಡ್ಡಿ ಜೇಬಿಗೆ ಕಲ್ಲು ತುಂಬಿಕೊಂಡು ಬರುತ್ತಿದ್ದರು. ಹುಡುಗಿಯರು ಬೋರಿಂಗಿಗೆ ಓಡಿಹೋಗಿ ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಬರುತ್ತಿದ್ದರು. ತೂಕ ಕಡಿಮೆ ಬಂದರೆ ಮನೆಗೆ ಹೇಳಿ ಕಳಿಸುತ್ತೇವೆ, ಅವ್ವನಿಗೆ ಬೇಜಾರಾಗುತ್ತದೆ ಎಂಬ ಹೆದರಿಕೆ ಅವರಿಗೆ. ಇನ್ನಷ್ಟು ತಿನ್ನಿ, ಇನ್ನಷ್ಟು ತಿನ್ನಿ ಎಂದು ಹೇಳುವುದೇ ನಮ್ಮ ಕೆಲಸವಾಗಿತ್ತು. ಅದರ ಉಲ್ಟಾ ಹೇಳಬೇಕಾದ ದಿನ ಬರುತ್ತದೆಂದು ಯಾರು ಅಂದುಕೊಂಡಿದ್ದರು?

ಅದು ಒಮ್ಮೆಲೇ ಬಂದದ್ದೂ ಅಲ್ಲ. ಕಾಲುವೆಯ ನೀರು ಬಂತು, ಜೋಳದ ಹೊಲ ನೆಲ್ಲಿನ ಗದ್ದೆಯಾಯಿತು. ಮೂರು ಹೊತ್ತು ರೊಟ್ಟಿ ಬಡಿಯುತ್ತಿದ್ದ ಮನೆಗಳಲ್ಲಿ ಎರಡು ಹೊತ್ತು ಅನ್ನ ಶುರುವಾಯಿತು. ನಡೆದು ಬರುತ್ತಿದ್ದ ಮಕ್ಕಳಿಗೆ ಆಟೋ ಬಂತು, ಮನೆಗೊಂದು ಬೈಕು ಬಂತು. ಹಳ್ಳಿಯ ಸಣ್ಣ ಅಂಗಡಿಗಳ ಮುಂದೆಯೂ ತೋರಣದಂತೆ ಚಿಪ್ಸ್ ಪಾಕೀಟುಗಳು ತೂಗಾಡತೊಡಗಿದವು. ಮೊದಮೊದಲು ತರಗತಿಗೊಬ್ಬ ದಪ್ಪ ಹುಡುಗ ಇರುತ್ತಿದ್ದ, ಅವನು ಗುತ್ತೇದಾರನ ಮಗನೋ ದಲ್ಲಾಲಿ ಅಂಗಡಿಯವನ ಮಗನೋ ಆಗಿರುತ್ತಿದ್ದ. ‘ಉಂಡುಟ್ಟ ಮನಿ ಕೂಸು’ ಎಂದು ನಾವೇ ಕೆನ್ನೆ ಹಿಂಡುತ್ತಿದ್ದೆವು. ನಾನು ಶಹಾಪುರಕ್ಕೆ ಬರುವ ಹೊತ್ತಿಗೆ ಅಂಥವರು ವರ್ಷ ವರ್ಷವೂ ಹೆಚ್ಚುತ್ತಿದ್ದರು. ಆಮೇಲೆ ಕೊರೊನಾ ಬಂದು ಶಾಲೆ ಮುಚ್ಚಿತು.

ತೆರೆದ ದಿನ ಪ್ರಾರ್ಥನೆಗೆ ನಿಂತ ಮಕ್ಕಳನ್ನು ಕಂಡು ನಾನು ಒಂದು ಕ್ಷಣ ಗುರುತು ಹಿಡಿಯಲಿಲ್ಲ. ಹೊಲಿಗೆ ಬಿಚ್ಚಿ ಹಿಗ್ಗಿಸಿದ ಅಂಗಿಗಳು, ಗುಂಡಿ ಹತ್ತದೆ ಪಿನ್ನು ಚುಚ್ಚಿಕೊಂಡ ಪ್ಯಾಂಟುಗಳು. ಅದೇ ಸಾಲಿನಲ್ಲಿ ಮೊದಲಿಗಿಂತಲೂ ಬಡಕಲಾಗಿ, ಕಪ್ಪಾಗಿ ಬಂದವರೂ ಇದ್ದರು. ಅವರು ಆ ತಿಂಗಳುಗಳನ್ನು ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ಕಳೆದವರು. ಒಂದೇ ಊರಿನ ಒಂದೇ ವಯಸ್ಸಿನ ಮಕ್ಕಳು ಎರಡು ಬೇರೆ ಬೇರೆ ನಾಡಿನಿಂದ ಬಂದಂತೆ ಕಾಣುತ್ತಿದ್ದರು. ಮೈದಾನಕ್ಕೆ ಒಂದು ಸುತ್ತು ಓಡಿ ಎಂದೆ. ಅರ್ಧದಷ್ಟು ಮಕ್ಕಳು ಮೊಣಕಾಲು ಹಿಡಿದು ನಿಂತುಬಿಟ್ಟರು.

ಓಡಲು ಹೊರಡದೆಯೇ ನಿಂತವಳು ಒಬ್ಬಳಿದ್ದಳು, ಎಂಟನೆಯ ತರಗತಿಯ ರೇಣುಕಾ. ಶಾಲೆ ಮುಚ್ಚುವ ಮುಂಚೆ ಅವಳು ಕುಂಟಾಬಿಲ್ಲೆಯಲ್ಲಿ ಯಾರಿಗೂ ಸೋಲದ ಹುಡುಗಿ. ಈಗ ವೇಲನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿಕೊಂಡು, ಗೋಡೆಗೆ ಅಂಟಿ ನಿಂತಿದ್ದಳು. ಮೈ ಎಷ್ಟು ಬೆಳೆದಿತ್ತೆಂದರೆ ಹೊಸದಾಗಿ ಬಂದ ಗಣಿತದ ಮಾಸ್ತರರು ಅವಳನ್ನು ಯಾರದೋ ತಾಯಿ ಎಂದು ತಿಳಿದು, “ಏನ್ ಬೇಕಾಗಿತ್ತಮ್ಮಾ?” ಎಂದು ಕೇಳಿದರಂತೆ. ಅವಳ ಅಪ್ಪ ಭೀಮರಾಯನದು ಮನೆಯ ಮುಂಗಟ್ಟಿನಲ್ಲೇ ಕಿರಾಣಿ ಅಂಗಡಿ. ಶಾಲೆ ಇಲ್ಲದ ದಿನಗಳಲ್ಲಿ ಅವಳು ಬೆಳಗಿನಿಂದ ಸಂಜೆಯವರೆಗೆ ಗಲ್ಲಾದ ಹತ್ತಿರ, ಕೈಯಲ್ಲಿ ಮೊಬೈಲ್ ಹಿಡಿದು ಕುಳಿತದ್ದನ್ನು ನಾನೇ ನೋಡಿದ್ದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ತಪಾಸಣೆಯ ತಂಡ ಬಂತು. ಡಾಕ್ಟರ್ ನಸ್ರೀನ್ ಎಂಬ ಚಿಕ್ಕ ವಯಸ್ಸಿನ ವೈದ್ಯೆ, ಜೊತೆಗೆ ಒಬ್ಬ ಸಹಾಯಕ. ಹೊರಗೆ ಮಳೆ ಸುರಿಯುತ್ತಿದ್ದರಿಂದ ತರಗತಿಯಲ್ಲೇ ಎಲ್ಲರೆದುರು ಯಂತ್ರ ಇಟ್ಟರು. ಸಹಾಯಕ ಒಬ್ಬೊಬ್ಬರ ತೂಕವನ್ನೂ ಸಂತೆಯಲ್ಲಿ ಕೂಗಿದಂತೆ ಕೂಗುತ್ತಿದ್ದ. ರೇಣುಕಾಳ ಸರದಿ ಬಂತು. ಅವಳು ಚಪ್ಪಲಿ ಬಿಟ್ಟಳು, ಕಿವಿಯ ಝುಮಕಿ ಬಿಚ್ಚಿದಳು, ಬಳೆ ತೆಗೆದು ಗೆಳತಿಯ ಕೈಗಿಟ್ಟಳು. ಕಲ್ಲು ತುಂಬಿಕೊಂಡು ಬರುತ್ತಿದ್ದ ಮಕ್ಕಳನ್ನು ಕಂಡಿದ್ದ ನಾನು ಈಗ ಬಳೆ ತೆಗೆಯುವುದನ್ನೂ ಕಂಡೆ. ಸಹಾಯಕ ಅಂಕಿ ಕೂಗಿದ. ಹಿಂದಿನ ಬೆಂಚಿನಿಂದ ಒಬ್ಬ ಅರಚಿದ:

“ಇಕಿನ್ನ ತೂಗಾಕ ಮಾರ್ಕೆಟ್ಟಿನ ಲಾರಿ ಕಾಂಟಾ ಬೇಕ್ರಿ ಸರ್!”

ಇಡೀ ತರಗತಿ ನಕ್ಕಿತು. ರೇಣುಕಾ ಯಂತ್ರದಿಂದ ಇಳಿಯಲಿಲ್ಲ, ಅಳಲೂ ಇಲ್ಲ. ಕೆಳಗೆ ನೋಡುತ್ತ ನಿಂತೇ ಇದ್ದಳು. ನಸ್ರೀನ್ ಎದ್ದು ಬಂದು ಅವಳ ಹೆಗಲ ಮೇಲೆ ಕೈ ಇಟ್ಟು ಪಕ್ಕದ ನನ್ನ ಕೋಣೆಗೆ ಕರೆದುಕೊಂಡು ಹೋದಳು. ನಾನೂ ಹಿಂದೆಯೇ ಹೋದೆ.

“ವೇಲ್ ತೆಗಿಯವ್ವಾ, ಕುತ್ತಿಗಿ ನೋಡ್ತೀನಿ,” ಎಂದಳು ವೈದ್ಯೆ.

ರೇಣುಕಾ ಹಿಡಿದುಕೊಂಡ ವೇಲನ್ನು ಬಿಡಲೊಲ್ಲಳು. ಕೊನೆಗೆ ಬಿಚ್ಚಿದಾಗ ಕುತ್ತಿಗೆಯ ಸುತ್ತ ದಪ್ಪನೆಯ ಕಪ್ಪು ಪಟ್ಟಿ ಕಂಡಿತು. ಅದರ ಮೇಲೆ ಅಲ್ಲಲ್ಲಿ ತರಚಿದ ಗಾಯ.

“ನಾ ದಿನಾ ಮೈ ತೊಳ್ಕೋತೀನ್ರಿ,” ಎಂದು ತಟ್ಟನೆ ಹೇಳಿದಳು ರೇಣುಕಾ. ಯಾರೂ ಕೇಳುವ ಮುಂಚೆಯೇ ಕೊಟ್ಟ ಉತ್ತರ ಅದು. “ಖರೇನ ತೊಳ್ಕೋತೀನ್ರಿ. ಅವ್ವ ಕಲ್ಲು ಹಚ್ಚಿ ತಿಕ್ತಾಳ. ಹೋಗವಲ್ದು.”

“ಇದು ಹೊಲಸಲ್ಲ, ಬೇಟಾ,” ಎಂದಳು ನಸ್ರೀನ್. “ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ. ಇದು ಒಳಗಿಂದ ಬಂದದ್ದು. ಮೈಯಾಗ ಸಕ್ಕರಿ ಲೆಕ್ಕ ತಪ್ಪಾಕತ್ತದ ಅಂತ ಮೈನ ಹೇಳಾಕತ್ತದ. ನಿಂದೇನೂ ತಪ್ಪಿಲ್ಲ.”

ಆಗ ಅತ್ತಳು. ತೂಕ ಕೂಗಿದಾಗ ಬಾರದ ಅಳು ಆಗ ಬಂತು. ಹೊಲಸಲ್ಲ ಎಂಬ ಒಂದು ಮಾತಿಗಾಗಿ ಆ ಹುಡುಗಿ ಎಷ್ಟು ದಿನದಿಂದ ಕಾದಿದ್ದಳೋ.

ಮರುದಿನದಿಂದ ಶಾಲೆಗೆ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಒಂದು ಮಧ್ಯಾಹ್ನ ಮಳೆ ಬಿಟ್ಟ ಹೊತ್ತು ನೋಡಿ ನಾನೇ ಅವರ ಮನೆಗೆ ಹೋದೆ. ಭೀಮರಾಯ ಅಂಗಡಿಯಿಂದ ಎದ್ದು ಬಂದ.

“ಬರ್ರಿ ಟೀಚರ್ರಿ, ಒಳಗ ಬರ್ರಿ. ಯವ್ವಾ, ಚಾ ಇಡಾಕ ಹೇಳು.”

ಒಳಗೆ ಅವನ ತಾಯಿ ಹಣಮವ್ವ ಕಾಲು ಚಾಚಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಶಿರವಾಳದಲ್ಲಿ ಕಂಡವರ ಹೊಲದ ಕಳೆ ತೆಗೆದು ಮಕ್ಕಳನ್ನು ಬೆಳೆಸಿದವಳು. ಮುಷ್ಟಿಯಷ್ಟು ಮೈ, ಖಡಕ್ ದನಿ. ಅವಳ ಪಕ್ಕ ಮೈತುಂಬ ಸೆರಗು ಹೊದ್ದ ಇನ್ನೊಬ್ಬ ಹೆಂಗಸು ಕುಳಿತಿದ್ದಳು. ಹುಣಸಗಿಗೆ ಕೊಟ್ಟ ಮಗಳು ಶರಣಮ್ಮ, ಎಂದರೆ ರೇಣುಕಾಳ ಸೋದರತ್ತೆ. ರೇಣುಕಾ ಕಾಣಲಿಲ್ಲ. ಒಳಕೋಣೆಯ ಪರದೆಯ ಕೆಳಗೆ ಎರಡು ಪಾದ ಕಾಣುತ್ತಿದ್ದವು.

ಸಾಲಿಗೆ ಯಾಕೆ ಕಳಿಸುತ್ತಿಲ್ಲ ಎಂದು ಕೇಳಿದೆ. ಅವಳೇ ಒಲ್ಲೆ ಅನ್ನುತ್ತಾಳೆ ಎಂದ ಭೀಮರಾಯ. ತೂಕದ ಮಾತು ತೆಗೆದೆ. ಹಣಮವ್ವನಿಗೆ ನಗು ಬಂತು.

“ತೂಕ ಹೆಚ್ಚಾಗ್ಯಾದಂತ ಸಾಲ್ಯಾಗ ಬೈತಾರೇನ್ರಿ ಈಗ? ನಮ್ಮ ಕಾಲದಾಗ ಹೊಟ್ಟಿ ಬೆನ್ನಿಗೆ ಹತ್ತಿರತಿತ್ತು. ಅಂಬಲಿ ಕುಡದು ಮಕ್ಕೊಂತಿದ್ದಿವಿ, ನಿದ್ದಿ ಬರ್ತಿರಲಿಲ್ಲ. ಈ ಭೀಮ್ಯಾ ಸಣ್ಣಾಂವಿದ್ದಾಗ ನೆರಿಮನ್ಯಾಗ ರೊಟ್ಟಿ ಬಡಿಯೋ ಸಪ್ಪಳ ಕೇಳಿ ಅಳ್ತಿದ್ದ. ನನ್ನ ಮೊಮ್ಮಗಳು ಮೈಕೈ ತುಂಬಿಕೊಂಡಾಳಂದ್ರ ನನಗ ಹಬ್ಬ ಆದಂಗ ಆಗ್ತದ.”

ಹಸಿದು ಮಲಗಿದವಳ ಮುಂದೆ, ನಿನ್ನ ಮೊಮ್ಮಗಳು ಹೆಚ್ಚು ತಿಂದಿದ್ದಾಳೆ ಎಂದು ಯಾವ ಬಾಯಿಂದ ಹೇಳುವುದು? ಭೀಮರಾಯನೂ ಅದೇ ಮಾತಾಡಿದ. “ಒಂದ ಮಗಳ್ರಿ. ಅಂಗಡಿ ತುಂಬ ಮಾಲ್ ಇಟ್ಕೊಂಡು ಇಕಿ ಕೇಳಿದ್ದು ಇಲ್ಲ ಅನ್ಲೇನ್ರಿ?”

ಚಹಾ ತಂದ ರೇಣುಕಾಳ ತಾಯಿಗೆ ಕುತ್ತಿಗೆಯ ವಿಷಯ ಹೇಳಿದೆ. ಅದು ಕೊಳೆಯಲ್ಲ, ಕಲ್ಲು ಹಚ್ಚಿ ತಿಕ್ಕಬೇಡಿ, ರಕ್ತ ಪರೀಕ್ಷೆ ಮಾಡಿಸಬೇಕು ಎಂದೆ. ಆಕೆ ಅಲ್ಲೇ ಕುಸಿದು ಕುಳಿತು ಸೆರಗು ಬಾಯಿಗೊತ್ತಿಕೊಂಡಳು. “ರಕ್ತ ಬರೂಮಟ ತಿಕ್ಕೀನ್ರಿ,” ಎಂದಳು. “ಸೋಮಾರಿ, ಮೈ ಸೈತ ತೊಳ್ಕೊಳ್ಳಂಗಿಲ್ಲ ಅಂತ ಬೈದೀನ್ರಿ.”

ಶರಣಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಸರಿದು ಕುಳಿತಳು.

“ಇನ್ನ ಸಾಲಿ ಯಾಕ್ ಬೇಕ್ರಿ ಆಕಿಗಿ? ಮಂದಿ ನಗೋದು, ಇಕಿ ಅಳೋದು. ನೋಡಿದವರು ಯಾರ ಅಂತಾರ ಎಂಟನೆತ್ತಿ ಹುಡುಗಿ ಅಂತ? ಮೈ ತುಂಬ್ಯಾದ, ದೊಡ್ಡಾಕಿ ಆಗ್ಯಾಳ. ನನ್ನ ಮಗನೂ ಗೊಬ್ಬರದ ಅಂಗಡಿ ಹಾಕ್ಯಾನ. ಈ ದೀಪಾವಳಿ ಆದಮ್ಯಾಲ ಮನ್ಯಾಗ ಸಣ್ಣಂಗ ಅಕ್ಕಿಕಾಳ ಹಾಕಿ ಮುಗಿಸಿಬಿಡಮು ಅಂತ ಬಂದೀನಿ. ಮನಿಯಾಗಿನ ಹುಡುಗಿ, ಮನ್ಯಾಗ ಇರ್ತಾಳ.”

ಪರದೆಯ ಕೆಳಗಿನ ಪಾದಗಳು ಹಿಂದೆ ಸರಿದವು.

“ಆಕಿಗಿನ್ನೂ ಹದಿನಾಲ್ಕು ತುಂಬಿಲ್ಲ ಶರಣಮ್ಮಾ. ಲಗ್ನ ಮಾಡಿದ್ರ ಕೇಸ್ ಆಗ್ತದ. ನಾನ ಸುಮ್ಮನಿರಂಗಿಲ್ಲ,” ಎಂದೆ.

“ವಯಸ್ಸು ಯಾರ ಕೇಳ್ತಾರ್ರಿ, ಮೈ ನೋಡ್ತಾರ,” ಎಂದಳು ಅವಳು.

ಭೀಮರಾಯ ನೆಲ ನೋಡುತ್ತಿದ್ದ. ಅಕ್ಕನಿಗೆ ಎದುರಾಡುವ ಮನುಷ್ಯ ಅವನಲ್ಲ ಎಂದು ನನಗೆ ತಿಳಿಯಿತು. ಆಗ ಹಣಮವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಬೇಳೆ ನೆಲಕ್ಕೆ ಚೆಲ್ಲಿತು.

“ಶರಣೀ, ಕರಾ ದಪ್ಪ ಆತಂತ ನೊಗಕ್ಕ ಹೂಡ್ತಾರೇನ ಯಾರರ?”

“ಯವ್ವಾ, ನಾ ಒಳ್ಳೇದಕ್ಕ…”

“ಸುಮ್ಕಿರು. ನನ್ನ ಲಗ್ನದಾಗ ನನಗ ನಿದ್ದಿ ಹತ್ತಿತ್ತಂತ. ಎಬ್ಬಿಸಿ ಕುಂದರ್ಸಿ ತಾಳಿ ಕಟ್ಟಿಸ್ಯಾರ. ಮೊದಲನೇ ಹೆರಿಗಿ ಹೆಂಗಿತ್ತು ನಿನಗೇನ್ ಗೊತ್ತು? ಹೆಣ ಹೆತ್ತೆ. ನನಗ ಆವಾಗ ಮೈಯಾಗ ಮಾಂಸ ಇದ್ದಿಲ್ಲ, ಈಕಿಗಿ ಅದ. ಆದ್ರ ಆ ಮೈಯೊಳಗ ಈಕಿ ಇನ್ನಾ ಕೂಸ ಅದಾಳ. ಮೈ ದೊಡ್ಡದಾದ್ರ ವಯಸ್ಸು ದೊಡ್ಡದಾಕ್ಕದೇನ?”

ಶರಣಮ್ಮ ಮುಖ ತಿರುಗಿಸಿ ಕುಳಿತಳು. ಸಂಜೆಯ ಬಸ್ಸಿಗೆ ಹೊರಟೇಬಿಟ್ಟಳಂತೆ. ಎರಡು ವರ್ಷ ತವರಿನ ಹೊಸ್ತಿಲು ತುಳಿಯಲಿಲ್ಲವಂತೆ. ಹಣಮವ್ವ ಮಾತ್ರ ಅಂದು ನನ್ನನ್ನು ಕಳಿಸಲು ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದ್ದಳು: “ಟೀಚರ್ರಿ, ಉಂಡರೂ ರೋಗ, ಉಣ್ಣದಿದ್ದರೂ ರೋಗ ಅಂದ್ರ ಹ್ಯಾಂಗ್ರಿ? ನಾವು ಮಕ್ಕಳಿಗಿ ಏನ್ ಉಣಸಮು?”

ರಕ್ತ ಪರೀಕ್ಷೆ ಆಯಿತು. ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದರೆ ಬಾಗಿಲ ತನಕ ಬಂದು ನಿಂತಿದೆ ಎಂದಳು ನಸ್ರೀನ್. ಔಷಧಿ ಬೇಡ, ಬಾಟಲಿ ಪಾನಕ, ಪಾಕೀಟು ಬಿಡಿಸಿ, ದಿನಾ ಮೈ ಬೆವರಲಿ ಎಂದಳು. ಹೇಳುವುದು ಸುಲಭ. ಭೀಮರಾಯ ಅಂಗಡಿಯ ಮುಂದಿನ ಪಾಕೀಟುಗಳ ತೋರಣ ತೆಗೆಯಲಿಲ್ಲ. “ತೆಗದ್ರ ಗಿರಾಕಿ ಮುಂದಿನ ಅಂಗಡಿಗಿ ಹೋಗ್ತಾರ್ರಿ,” ಎಂದ, ಅದೂ ನಿಜವೇ. ಆದರೆ ಮಗಳನ್ನು ಗಲ್ಲಾದಿಂದ ಎಬ್ಬಿಸಿದ.

ರೇಣುಕಾ ಶಾಲೆಗೆ ಮರಳಲು ಒಂದು ಶರತ್ತು ಹಾಕಿದ್ದಳು: ತನ್ನನ್ನು ಓಡಿಸಬಾರದು. ಒಪ್ಪಿಕೊಂಡೆ. ಓಡಿಸಲು ಜಾಗವಾದರೂ ಎಲ್ಲಿತ್ತು? ಹೊಸ ಕೋಣೆ ಕಟ್ಟಲು ಈ ನಡುವೆ ತಂದ ಜಲ್ಲಿ, ಉಸುಕು ಮೈದಾನದ ಮುಕ್ಕಾಲು ಭಾಗ ನುಂಗಿತ್ತು. ಉಳಿದ ಕಾಲು ಭಾಗ ಗಂಡುಹುಡುಗರ ಕ್ರಿಕೆಟ್ಟಿಗೆ. ದೊಡ್ಡ ಹುಡುಗಿಯರು ಆಟದ ಪಿರಿಯಡ್ಡಿನಲ್ಲಿ ಬೇವಿನ ಗಿಡದ ಕೆಳಗೆ ಕುಳಿತು ಒಬ್ಬರ ಜಡೆ ಒಬ್ಬರು ಹೆಣೆಯುತ್ತಿದ್ದರು. ಇಷ್ಟು ವರ್ಷ ಅದು ನನ್ನ ಕಣ್ಣಿಗೆ ಸಹಜವಾಗಿಯೇ ಕಂಡಿತ್ತು. ಆ ವರ್ಷ ಹೆಡ್‌ಮಾಸ್ತರರ ಜೊತೆ ಜಗಳಾಡಿ ಜಲ್ಲಿಯನ್ನು ಕಂಪೌಂಡಿನ ಮೂಲೆಗೆ ಸರಿಸಿದೆ. ತೂಕ ನೋಡುವುದಿದ್ದರೆ ಇನ್ನು ನನ್ನ ಕೋಣೆಯಲ್ಲಿ, ಒಬ್ಬೊಬ್ಬರನ್ನೇ ಕರೆದು, ಬಾಗಿಲು ಮುಂದೆ ಮಾಡಿ ಎಂದು ಹಟ ಹಿಡಿದೆ. ಬೆಳಗಿನ ಪ್ರಾರ್ಥನೆಗೆ ಮುಂಚೆ ಒಂದು ತಾಸು ಮೈದಾನ ಬರೀ ಹುಡುಗಿಯರಿಗೆ ಎಂದಾಯಿತು.

ಮೊದಲು ಬಂದವಳು ರೇಣುಕಾ ಅಲ್ಲ, ಭಾಗಮ್ಮ. ಅವಳ ಅಪ್ಪ ಅವ್ವ ವರ್ಷದ ಅರ್ಧ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಹುಡುಗಿ ಅಜ್ಜನ ಮನೆಯಲ್ಲಿ. ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರೆ ರಕ್ತವೇ ಇಲ್ಲದಷ್ಟು ಬಿಳುಪು. ಅವಳೂ ಓಡಲಾರಳು, ನಾಲ್ಕು ಹೆಜ್ಜೆಗೆ ತಲೆ ತಿರುಗುತ್ತಿತ್ತು. ಮೊಣಕಾಲು ನೋವಿನ ನಾನು, ದಪ್ಪಗಿನ ರೇಣುಕಾ, ಕಡ್ಡಿಯಂಥ ಭಾಗಮ್ಮ, ಮೂವರೂ ಮೈದಾನದ ಅಂಚಿನಲ್ಲಿ ನಡೆಯತೊಡಗಿದೆವು. ಉಳಿದವರು ಮೊದಲು ನೋಡಿ ನಕ್ಕರು, ಆಮೇಲೆ ಜೊತೆಗೆ ಬಂದರು.

ನಡೆಯುವಾಗ ರೇಣುಕಾ ಮಾತಾಡುತ್ತಿದ್ದಳು. “ಸಾಲಿ ಇಲ್ಲದಾಗ ಯಾರೂ ಇರತಿರಲಿಲ್ರಿ. ಗೆಳತ್ಯಾರು ಬರ್ತಿರಲಿಲ್ಲ. ಮೊಬೈಲ್ನಾಗ ಪಾಠ ತಿಳೀತಿರಲಿಲ್ಲ. ಕೈ ಚಾಚಿದ್ರ ಪಾಕೀಟ ಸಿಗ್ತಿತ್ತು. ಹಸಿವಾಗಿ ತಿಂತಿದ್ದಿಲ್ರಿ, ಸುಮ್ನ ತಿಂತಿದ್ದೆ. ಈಗ ಎಲ್ಲಾರ ಮುಂದ ಉಣ್ಣಾಕ ನಾಚಿಕಿ ಬರ್ತದ್ರಿ. ಮನಿಗಿ ಹೋಗಿ ಕದ್ದು ತಿಂತೀನಿ.” ಹಾಗೆಂದೇ ಅವಳು ಮಧ್ಯಾಹ್ನದ ಬಿಸಿಯೂಟದ ಸಾಲಿನಲ್ಲಿ ಕೂರುತ್ತಿರಲಿಲ್ಲ. ಕೂತರೂ ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಡುತ್ತಿದ್ದಳು.

ನವರಾತ್ರಿ ಬಂತು, ತೊಗರಿ ಹೂವಾಡಿತು, ಚಳಿ ಬಿತ್ತು. ಅವಳು ತೆಳ್ಳಗಾದಳೆಂದು ಹೇಳಿದರೆ ಸುಳ್ಳಾಗುತ್ತದೆ. ಉಬ್ಬಸ ಕಡಿಮೆಯಾಯಿತು. ಹಣಮವ್ವ ಮನೆಯಲ್ಲಿ ಮತ್ತೆ ಎರಡು ಹೊತ್ತು ರೊಟ್ಟಿ ಬಡಿಯಲು ಶುರು ಮಾಡಿದ್ದಳು. ವೇಲಿನ ಸುತ್ತು ಎರಡರಿಂದ ಒಂದಾಯಿತು. ಎಲ್ಲ ಮಕ್ಕಳ ವಿಷಯದಲ್ಲಿ ಹೀಗೆ ಹೇಳಲಾರೆ. ಅದೇ ವರ್ಷ ಇಬ್ಬರು ಹುಡುಗಿಯರು ತೂಕದ ನಾಚಿಕೆಗೇ ಶಾಲೆ ಬಿಟ್ಟರು. ಅವರ ಮನೆಗಳಿಗೂ ಹೋದೆ, ಅಲ್ಲಿ ಹಣಮವ್ವನಂಥವಳು ಇರಲಿಲ್ಲ. ಭಾಗಮ್ಮ ಮುಂದಿನ ವರ್ಷ ಪುಣೆಗೇ ಹೋದಳು. ರೇಣುಕಾ ಈಗ ಯಾದಗಿರಿಯಲ್ಲಿ ಪಿಯುಸಿ ಓದುತ್ತಿದ್ದಾಳೆ, ನರ್ಸಿಂಗ್ ಮಾಡುವ ಮನಸ್ಸಿದೆ. ಈಗಲೂ ದುಂಡಗಿದ್ದಾಳೆ. ಆದರೆ ಸಕ್ಕರೆ ಬಾಗಿಲಿಂದ ಒಳಗೆ ಬಂದಿಲ್ಲ. ಹಣಮವ್ವ ಹೋದ ಬೇಸಿಗೆಯಲ್ಲಿ ತೀರಿಕೊಂಡಳು.

ಆ ವರ್ಷದ ಒಂದು ದಿನವನ್ನು ಮಾತ್ರ ಬಿಡದೆ ಹೇಳಬೇಕು. ಸಂಕ್ರಮಣದ ಮರುವಾರ ಹುಡುಗಿಯರನ್ನು ಊರ ಹಿಂದಿನ ಗುಡ್ಡಕ್ಕೆ ಕರೆದೊಯ್ದೆ. ದೂರದಿಂದ ಮಲಗಿದ ಬುದ್ಧನಂತೆ ಕಾಣುವ ಗುಡ್ಡ. ಹತ್ತಿರ ಹೋದರೆ ಬರೀ ಬಂಡೆ, ಮುಳ್ಳುಗಂಟಿ. ರೇಣುಕಾ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಬಂಡೆಗೊಮ್ಮೆ ಕೂತಳು, ಎದ್ದಳು, ಬೈದುಕೊಂಡಳು, ಮತ್ತೆ ಹತ್ತಿದಳು. ಭಾಗಮ್ಮ ಅವಳ ಕೈ ಹಿಡಿದಿದ್ದಳೋ, ಅವಳೇ ಭಾಗಮ್ಮನನ್ನು ಹಿಡಿದಿದ್ದಳೋ ಹೇಳಲಾರೆ. ಎಲ್ಲರಿಗಿಂತ ಕೊನೆಗೆ ಇಬ್ಬರೂ ಮೇಲೆ ಬಂದರು. ಗಾಳಿ ಭರ್ರನೆ ಬೀಸುತ್ತಿತ್ತು. ಕೆಳಗೆ ಊರು, ಆಚೆ ಕಾಲುವೆ, ಅದರಾಚೆ ಹಸಿರು ಗದ್ದೆ.

ಬುತ್ತಿ ಬಿಚ್ಚಿದೆವು. ಹಣಮವ್ವ ಕಳಿಸಿದ್ದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಎಲ್ಲರೂ ದುಂಡಗೆ ಕೂತರು. ರೇಣುಕಾಳೂ ಕೂತಳು. ಒಂದು ರೊಟ್ಟಿ ತಿಂದು ಮುಗಿಸಿದಳು. ಆಮೇಲೆ ಬುತ್ತಿಯ ಅರಿವೆಯ ಕಡೆ ನೋಡಿ, ನನ್ನ ಕಡೆ ನೋಡಿ ಕೇಳಿದಳು:

“ಟೀಚರ್ರಿ, ಇನ್ನೊಂದ ತಗೊಳ್ಳಲೇನ್ರಿ?”

ಎಲ್ಲ ಹುಡುಗಿಯರೂ ನನ್ನ ಮುಖ ನೋಡಿದರು. ಬೇಡ ಎನ್ನಲೂ ತಗೋ ಎನ್ನಲೂ ನನಗೆ ಧೈರ್ಯ ಸಾಲಲಿಲ್ಲ.

“ಹಸಿವ್ಯಾಗ್ಯಾದೇನವ್ವಾ?” ಎಂದು ಕೇಳಿದೆ.

ಅವಳು ತಲೆ ತಗ್ಗಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಒಳಗೆ ಯಾರನ್ನೋ ವಿಚಾರಿಸುವವಳಂತೆ ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ತಲೆಯೆತ್ತಿದಳು.

“ಹೌದ್ರಿ,” ಎಂದಳು. “ಖರೇನ ಹಸಿವ್ಯಾಗ್ಯಾದ.”

“ಹಂಗಾದ್ರ ತಗೋ.”

ಅವಳು ರೊಟ್ಟಿ ತೆಗೆದುಕೊಂಡಳು. ಹಿಂಡಿ ಹಚ್ಚಿಕೊಂಡು, ಎಲ್ಲರ ಎದುರಿಗೇ, ಅವಸರವಿಲ್ಲದೆ, ಪೂರ್ತಿ ಉಂಡಳು.